ತುಂಬಿದೆ ಅಂದ್ರು

“ಇನ್ನೊಂದ್ ಸಲ ಹಾಕಿ,” ಎಂದ ನಿಧಾನಿ.

ರವಾನೆ ಸಾಹೇಬ ಉಸ್ಸೆಂದು ಫೋನು ಒತ್ತಿದ. ಸತ್ತವನ ದನಿ ಮೇಜಿನ ಮೇಲೆ ಮತ್ತೆ ಎದ್ದು ಕೂತಿತು.

“ಇನ್ನೊಂದು ಟ್ಯಾಂಕ್ ಬಂದಿದೆ ಕಣೇ. ತುಂಬಿದೆ ಅಂದ್ರು. ಬೇಗ ಮುಗಿಸಿ ಬರ್ತೀನಿ. ಅಮ್ಮಂಗೆ ಹೇಳು, ನಂಗೋಸ್ಕರ ಕಾಯ್ಕೊಂಡು ಕೂತ್ಕೋಬೇಡ ಅಂತ. ಉಂಡು ಮಲಗಲಿ.”

ಅಷ್ಟೇ. ಆ ಮಾತನ್ನು ಹೆಂಡತಿಯ ಫೋನಿಗೆ ಕಳಿಸಿ, ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ, ಟ್ಯಾಂಕರು ತೊಳೆಯುವವನು ಏಣಿ ಹತ್ತಿದ್ದ. ಅಂಗಿಯ ಜೇಬಿನಲ್ಲೇ ಉಳಿದ ಅವನ ಫೋನಿನಿಂದ ಪೊಲೀಸರು ತೆಗೆದುಕೊಂಡ ಆ ದನಿ ಸಾಹೇಬನ ಕೈಗೂ ಸೇರಿತ್ತು. ಮೇಲಿನ ಮುಚ್ಚಳ ತೆಗೆದು ತಾನಾಗಿ ಒಳಗಿಳಿದವನನ್ನು ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು. ಅವನಿಗೆ ಆ ಟ್ಯಾಂಕರು ತಂದುಕೊಟ್ಟ ಡ್ರೈವರು, ಅಂದರೆ ನಿಧಾನಿಯ ಸ್ವಂತ ತಂಗಿಯ ಗಂಡ, ಠಾಣೆಯಲ್ಲಿ ಕೂತು ಯಾರು ಏನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದ: “ನಾನೇ ಹೇಳಿದ್ದು.” ಏನು ಹೇಳಿದ್ದು ಎಂದರೆ ಬಾಯಿಗೆ ಬೀಗ.

ನಿಧಾನಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜನ ಇಟ್ಟಿದ್ದು. ಪೊಲೀಸು ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದರೂ ಅದು ಬೆನ್ನು ಬಿಡಲಿಲ್ಲ. ಅವನು ಮನೆಗೆ ಹೊರಟರೆ ಅವನ ನೆರಳು ಮೊದಲೇ ಹೋಗಿ ಬಾಗಿಲು ತಟ್ಟುತ್ತದೆ ಎಂದು ಆಡಿಕೊಳ್ಳುತ್ತಿದ್ದರು. ಬಸ್ಸು ಹೋದ ಮೇಲೆ ಕೈ ತೋರಿಸುವವನು ಎಂದು ತಂಗಿಯೇ ನಗುತ್ತಿದ್ದಳು. ಕಳ್ಳ ಯಾರೆಂದು ಅವನಿಗೆ ಗೊತ್ತಾಗದೆ ಹೋದದ್ದಿಲ್ಲ. ಗೊತ್ತಾಗುವ ಹೊತ್ತಿಗೆ ಕಳ್ಳನ ಮಕ್ಕಳ ಮದುವೆ ಮುಗಿದಿರುತ್ತಿತ್ತು, ಅಷ್ಟೇ.

“ಸಾಕಾ?” ಎಂದ ರವಾನೆ ಸಾಹೇಬ.

ಅದು ಬಣ್ಣದ ಕಾರ್ಖಾನೆಯ ಆಫೀಸು. ಆ ಕಾರ್ಖಾನೆಯ ಮೇಲೆ ಹಾರಿದ ಕಾಗೆ ಆಚೆ ಬದಿ ಸೇರುವಷ್ಟರಲ್ಲಿ ಗಿಳಿಯಾಗಿರುತ್ತದೆ ಎಂದು ಡ್ರೈವರುಗಳು ಕತೆ ಕಟ್ಟಿದ್ದರು. ಹೊರಗೆ ನೆಲ, ಗೋಡೆ, ನಾಯಿಯ ಬಾಲ ಎಲ್ಲಕ್ಕೂ ಬಣ್ಣ ಹತ್ತಿತ್ತು. ಸಾಹೇಬನ ಮೇಜಿಗೆ ಮಾತ್ರ ಒಂದು ಚುಕ್ಕೆಯೂ ಹತ್ತಿರಲಿಲ್ಲ. ಒಳಬರುವ ಮಾಲು, ಹೊರಹೋಗುವ ಮಾಲು ಎಲ್ಲ ಅವನ ಕೈಕೆಳಗೆ. ಬಿಳಿ ಅಂಗಿಯ ತೋಳನ್ನು ಮಡಚುತ್ತಿರಲಿಲ್ಲ.

ಕಿಟಕಿಯಿಂದ ಗೇಟಿನ ಚಿಕ್ಕ ಕೋಣೆ ಕಾಣುತ್ತಿತ್ತು. ಅಲ್ಲಿ ಕೂತು ಒಳಗೆ ಬರುವ ಮಾಲಿನ ಕಾಗದ ಬರೆಯುವವಳು ನಿಧಾನಿಯ ತಂಗಿ. ಗಂಡನನ್ನು ಠಾಣೆಗೆ ಕರೆದೊಯ್ದ ಮೇಲೆ ಅವಳು ಕೆಲಸಕ್ಕೆ ಬಂದಿರಲಿಲ್ಲ. ಅವಳ ಕುರ್ಚಿಯ ಮೇಲೆ ಯಾರೋ ಛತ್ರಿ ಮಲಗಿಸಿದ್ದರು.

ನಿಧಾನಿ ಮುಖ ತಿರುಗಿಸಿದ. “ಮಾಲು ಇಳಿಸ್ಕೊಂಡು ಟ್ಯಾಂಕರ್ ವಾಪಸ್ ಕಳಿಸಿದ್ರಲ್ಲ, ಅದರ ಜೊತೆ ಕಾಗದ ಯಾಕಿರಲಿಲ್ಲ?”

“ಖಾಲಿ ಟ್ಯಾಂಕಿಗೆ ಎಂಥ ಕಾಗದ ಸ್ವಾಮಿ? ತುಂಬಿ ಬಂದಾಗ ಇತ್ತು, ಮಾಲು ಕಳಿಸಿದೋರು ಬರೆದಿದ್ರು. ಟ್ಯಾಂಕು ಅವರದ್ದು. ಲಾರಿ ಬಾಡಿಗೇದು. ಡ್ರೈವರ್ ನಿಮ್ಮ ಭಾವ. ಇದರಲ್ಲಿ ನಮ್ಮದೇನಿದೆ?”

“ಎಂಜಲು.”

“ಏನಂದ್ರಿ?”

“ಪಕ್ಕದ ಮನೆ ಪಾತ್ರೆ ತಂದಿದ್ದು ಯಾರಾದ್ರೂ ಆಗಲಿ, ಎಂಜಲು ಮಾಡಿದೋರು ನೀವಲ್ವಾ?” ನಿಧಾನಿ ತನ್ನ ವೇಗದಲ್ಲೇ ಹೇಳಿದ. “ಇಳಿಸ್ಕೊಳ್ಳುವಾಗ ನೀವು ತಗೊಂಡೋರು. ವಾಪಸ್ ಅಟ್ಟುವಾಗ ನೀವೇ ಕಳಿಸಿದೋರು. ಕಳಿಸಿದೋರು ಬರೀಬೇಕು. ಇದರಲ್ಲಿ ಇಂಥದ್ದಿತ್ತು, ತಳದಲ್ಲಿ ಇನ್ನೂ ಇದೆ, ತೊಳೆದಿಲ್ಲ, ಅಂತ. ತೊಳೆಯೋ ತನಕ ಆ ಟ್ಯಾಂಕಿಗೆ ತುಂಬಿದ ಟ್ಯಾಂಕಿನಷ್ಟೇ ಮರ್ಯಾದೆ. ಎಚ್ಚರಿಕೆ ಬೋರ್ಡೂ ಮೈಮೇಲೆ ಇರಬೇಕು. ಬೋರ್ಡ್ ಎಲ್ಲಿ ಹೋಯ್ತು?”

“ಕಾನೂನು ಯಾವಾಗ ಓದಿದ್ರಿ?”

“ಓದಿಲ್ಲ. ಓದಿದೋರನ್ನ ಕೇಳ್ಕೊಂಡ್ ಬಂದೆ. ಅದಕ್ಕೇ ತಡ ಆಯ್ತು.”

ಸಾಹೇಬ ನಕ್ಕ. ಕರವಸ್ತ್ರ ತೆಗೆದು ಮೊದಲೇ ಸ್ವಚ್ಛವಾಗಿದ್ದ ಮೇಜನ್ನು ಒರೆಸಿದ.

ಟ್ಯಾಂಕಿನಲ್ಲಿ ಬಂದದ್ದು ಬಣ್ಣ ಕರಗಿಸುವ ದ್ರಾವಣ. ನಾವು ನೀವು ಬಾಗಿಲಿಗೆ ಬಣ್ಣ ಹೊಡೆಯುವಾಗ ಬೆರೆಸುವ ತಿನ್ನರಿಗೆ ಇದು ಮುತ್ತಜ್ಜ. ತಳದಲ್ಲಿ ಒಂದು ಬೊಗಸೆ ಉಳಿದರೂ ಸಾಕು, ಮುಚ್ಚಿದ ಟ್ಯಾಂಕಿನೊಳಗಿನ ಗಾಳಿಯನ್ನು ಆಚೆ ತಳ್ಳಿ ತಾನೇ ಯಜಮಾನನಾಗಿ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಒಂದು ಸಾಲು ಇದ್ದಿದ್ದರೆ, ತೊಳೆಯುವ ಯಾರ್ಡಿನವರು ಮುಚ್ಚಳ ತೆಗೆದು, ಫ್ಯಾನು ಹಚ್ಚಿ, ಬೆಳಗಾಗುವ ತನಕ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಂದು ಸಾಲು. ನಿಧಾನಿಗೆ ಅದೇ ಗಂಟಲಿಗೆ ಸಿಕ್ಕ ಮುಳ್ಳು.

“ಇರಲಿ,” ಎಂದ ಸಾಹೇಬ. “ಕಾಗದ ಇರಲಿಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಅವನಿಗೆ ಗೊತ್ತಿತ್ತಲ್ಲ. ತುಂಬಿದೆ ಅಂದ್ರು, ಅಂತ ಅವನ ಬಾಯಲ್ಲೇ ಬಂದಿದೆ. ಏನು ತುಂಬಿದೆ? ಗ್ಯಾಸು. ಹೇಳಿದೋರು ಯಾರು? ನಿಮ್ಮ ಭಾವ. ನಾನೇ ಹೇಳಿದ್ದು ಅಂತ ಒಪ್ಕೊಂಡಿದಾನೆ. ಅವನು ಹೇಳಿದ್ದು ಒಳ್ಳೇದೇ. ಕೇಳಿದೋನು ಕೇಳಲಿಲ್ಲ, ಹುಂಬತನ ಮಾಡಿದ.”

ಬೆಳಿಗ್ಗೆ ಇನ್‌ಸ್ಪೆಕ್ಟರೂ ಇದನ್ನೇ ಹೇಳಿದ್ದರು. ಸತ್ತವನ ಹೆಂಡತಿ ಈ ದನಿ ನನ್ನ ಗಂಡನದೇ ಎಂದು ಸಹಿ ಹಾಕಿದರೆ ಡ್ರೈವರು ಸಂಜೆಗೆ ಮನೆಗೆ. ಇಲ್ಲದಿದ್ದರೆ ಜೀವ ತೆಗೆದ ಕೇಸು.

“ಯಾರ ತಲೆಗೂ ಬರಲ್ಲ ಸ್ವಾಮಿ,” ಎಂದ ಸಾಹೇಬ ಮೆತ್ತಗೆ.

“ಸತ್ತೋನ ತಲೆಗೆ ಬರುತ್ತೆ.”

“ಅವನಿಗೆ ಇನ್ನೇನಾಗಬೇಕಿದೆ?”

ಆ ಮಾತಿಗೆ ಎದ್ದು ಹೊರಡಬೇಕಿತ್ತು. ನಿಧಾನಿ ಹೊರಡಲಿಲ್ಲ. ತಂಗಿಯ ಮುಖ ಕಣ್ಣೆದುರು ಬಂತು. ಸತ್ತವನ ಹೆಂಡತಿಯ ಸಹಿಗೆಂದು ಸಾಹೇಬ ಬರೆಸಿಟ್ಟು ಚಾಚಿದ ಬರಹವನ್ನು ಮಡಚಿ ಜೇಬಿಗಿಟ್ಟುಕೊಂಡ. ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸಾಹೇಬ ತನ್ನ ಕಾರಿನಲ್ಲೇ ಕರೆದೊಯ್ದ. ನೊಣ ಕೂತರೆ ಜಾರಿ ಬೀಳುವಂಥ ಕಾರು. ತೊಳೆಯುವವನ ಮನೆಯ ಎದುರು, ರಸ್ತೆಯ ಆಚೆ ಬದಿ ನಿಲ್ಲಿಸಿ, “ನಾನು ಒಳಗೆ ಬರೋದು ಚೆನ್ನಾಗಿರಲ್ಲ. ಸಹಿ ತಗೊಂಡ್ ಬನ್ನಿ,” ಎಂದು ಗಾಜು ಏರಿಸಿಕೊಂಡ.

ನಿಧಾನಿ ಹೊಸ್ತಿಲು ಮುಟ್ಟುವಷ್ಟರಲ್ಲಿ ಒಳಗಿನಿಂದ ತಂಗಿಯೇ ಹೊರಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಎಡಗಾಲಿನದರ ಪಟ್ಟಿ ಕಿತ್ತು, ಪಿನ್ನು ಚುಚ್ಚಿತ್ತು.

“ನೀನ್ಯಾಕೆ ಇಲ್ಲಿ?” ಎಂದ.

“ದಿನಾ ಬರ್ತೀನಣ್ಣ. ಒಲೆ ಹಚ್ಚೋರಿಲ್ಲ ಈ ಮನೇಲಿ.” ದನಿ ಬತ್ತಿತ್ತು. “ಅವ್ರನ್ನ ಬಿಡ್ತಾರಾ?”

“ಸಂಜೆಗೆ ಬಿಡಬಹುದು.”

ಅವಳ ಮುಖ ಅರಳಬೇಕಿತ್ತು. ಅಣ್ಣನ ಹೆಗಲಾಚೆ ನಿಂತಿದ್ದ ಕಾರನ್ನು ನೋಡಿ, ಬಿಸಿಲಿಲ್ಲದಿದ್ದರೂ ಸೆರಗನ್ನು ತಲೆಯ ಮೇಲೆಳೆದುಕೊಂಡಳು. “ಅಂಗಡಿಗೆ ಹೋಗಿ ಬರ್ತೀನಿ,” ಎಂದು ಗೋಡೆಯ ಬದಿಗೇ ಸರಿದು ಹೋದಳು.

ಕಂಡದ್ದನ್ನು ನಿಧಾನಿ ಕಂಡ. ಅರ್ಥ ಆಗುವುದು ಮುಂದಿನ ಬಸ್ಸಿಗೆ ಬರುತ್ತಿತ್ತು.

ಒಳಗೆ ಒಂದೇ ಉದ್ದನೆಯ ಕೋಣೆ. ಈ ತುದಿಯಲ್ಲಿ ಚಾಪೆ, ಆ ತುದಿಯಲ್ಲಿ ಒಲೆ. ನಡುವೆ ಕಟ್ಟಿದ ಹಗ್ಗದ ಮೇಲೆ ಸತ್ತವನ ರಬ್ಬರಿನ ಕೈಗವಸು ಬೆರಳು ಕೆಳಗೆ ಮಾಡಿ ನೇತಾಡುತ್ತಿದ್ದವು. ಒಣಗಿ ಎಷ್ಟೋ ಕಾಲವಾಗಿತ್ತು. ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

ಗೋಡೆಗೊರಗಿ ಕೂತಿದ್ದ ಮುದುಕಿ, ಸತ್ತವನ ತಾಯಿ, ತಲೆ ಎತ್ತಿದಳು. ಕುಶಲ ಕೇಳಲಿಲ್ಲ. ಮನೆಗೆ ಬಂದ ಎಲ್ಲರಿಗೂ ಅವಳದು ಒಂದೇ ಪ್ರಶ್ನೆ.

“ಗೊತ್ತಿದ್ದೂ ಇಳಿದ್ನಾಪ್ಪ ನನ್ ಮಗ?”

“ಅತ್ತೆ, ಬಂದೋರು ಕೂತ್ಕೊಳ್ಲಿ,” ಎಂದಳು ಸೊಸೆ ಒಲೆಯ ಕಡೆಯಿಂದ.

“ಕೂರಲಿ. ಕೂತ್ಕೊಂಡೇ ಹೇಳಲಿ. ಪೊಲೀಸ್ನೋರು ಹಾಗಂತಾರೆ. ಹೆತ್ತ ತಾಯಿನ, ಕಟ್ಕೊಂಡ ಹೆಂಡ್ತಿನ ಬಿಟ್ಟು, ಗೊತ್ತಿದ್ದೂ ಗೊತ್ತಿದ್ದೂ ಸಾವಿನ ಬಾಯಿಗೆ ಇಳಿಯೋವಷ್ಟು ನಾವೇನು ಮಾಡಿದ್ವಿ ಅವನಿಗೆ?”

ನಿಧಾನಿ ಚಾಪೆಯ ತುದಿಯಲ್ಲಿ ಕೂತ. ಜೇಬಿನಲ್ಲಿದ್ದ ಕಾಗದ ಪಕ್ಕೆಗೆ ಚುಚ್ಚಿತು.

ಸೊಸೆ ಲೋಟ ತಂದಿಟ್ಟಳು. “ಚಹಾ ಕುಡೀರಿ ಅಣ್ಣ. ಸಕ್ಕರೆ ತುಂಬಿದೆ. ಅಕ್ಕ ತರೋಕೆ ಹೋಗಿದ್ದಾರೆ. ಬರೋ ತನಕ ಹೀಗೇ ಒಂದು ಗುಟುಕು ಕುಡೀತಿರಿ.”

ಒಂದು ಗುಟುಕು ಹಾಕಿದ. ಕಹಿ ಎಂದರೆ ಕಹಿ, ಬೇವಿನ ಮರ ಇವನ ಬಾಯೊಳಗೆ ಬೇರು ಬಿಟ್ಟ ಹಾಗೆ. ಪಾಪ, ದುಃಖದಲ್ಲಿ ಏನೋ ಅಂದಳು ಎಂದುಕೊಂಡು ನುಂಗಿದ.

“ತಾಯಿ, ನಿನ್ನ ಫೋನಿಗೆ ಅವನು ಒಂದು ಮಾತು ಕಳಿಸಿದ್ದ. ಕೇಳಿದೀಯಾ?”

ಅವಳು ತಲೆ ಅಲ್ಲಾಡಿಸಿದಳು. “ಬಂದಿದೆ ಅಂತ ಗೊತ್ತು. ಒತ್ತಿಲ್ಲ.”

“ಯಾಕೆ?”

“ಕೇಳಿಬಿಟ್ರೆ ಮುಗೀತಲ್ಲಣ್ಣ. ಕೇಳದೆ ಇದ್ರೆ, ಇವರು ನಂಗೆ ಹೇಳೋದು ಇನ್ನೂ ಒಂದು ಬಾಕಿ ಇದೆ ಅಂತ ಇರುತ್ತೆ.”

ನಿಧಾನಿ ಪೊಲೀಸು ಕೆಲಸದಲ್ಲಿ ಬಾಗಿಲು ಒಡೆದಿದ್ದ, ಬೀಗ ಮುರಿದಿದ್ದ. ಇದಕ್ಕಿಂತ ಕೆಟ್ಟ ಕೆಲಸ ಮಾಡಿದ ನೆನಪಾಗಲಿಲ್ಲ. “ಕೇಳಲೇಬೇಕು ತಾಯಿ,” ಎಂದ.

ಅವಳು ಮಡಚಿಟ್ಟ ಸೀರೆಗಳ ನಡುವಿನಿಂದ ಫೋನು ತೆಗೆದು, ಕಣ್ಣು ಮುಚ್ಚಿ ಒತ್ತಿದಳು. ಇನ್ನೊಂದು ಟ್ಯಾಂಕ್ ಬಂದಿದೆ ಕಣೇ. ತುಂಬಿದೆ ಅಂದ್ರು. ಹಗ್ಗದ ಮೇಲಿನ ಕೈಗವಸು ಆ ದನಿಗೆ ಅಲ್ಲಾಡಿದ ಹಾಗಾಯಿತು. ಉಂಡು ಮಲಗಲಿ, ಎಂದು ದನಿ ನಿಂತಿತು.

“ನಾನು ಉಂಡಿರಲಿಲ್ಲ,” ಎಂದಳು ಮುದುಕಿ. “ಅವನ ಮಾತು ಯಾವತ್ತು ಕೇಳಿದೀನಿ ನಾನು.”

ಸೊಸೆ ಅಳಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡಳು. “ಇವರದೇ ದನಿ. ಎಲ್ಲಿ ಸಹಿ ಹಾಕ್ಬೇಕು?”

“ಏನು ಬರೆದಿದೆ ಅಂತ ಕೇಳಿ ಹಾಕಮ್ಮ.” ನಿಧಾನಿ ಕಾಗದ ಬಿಡಿಸಿ ಓದಿದ. “ಇದು ನನ್ನ ಗಂಡನ ದನಿ. ಟ್ಯಾಂಕು ತುಂಬಿದೆ ಎಂದು ತಿಳಿದೇ ಅವರು ಒಳಗೆ ಇಳಿದರು.”

“ಸರಿ ಇದೆಯಲ್ಲ. ತುಂಬಿದ ಮೇಲೇ ತಾನೆ ಇಳಿಯೋದು?”

“ಏನು?”

“ತುಂಬಿದ ಮೇಲೇ ತೊಳೆಯೋಕೆ ಇಳೀತಾರೆ. ಇಲ್ದಿದ್ರೆ ಹೇಗೆ ಇಳೀತಾರೆ ಅಣ್ಣ, ಈಜು ಹೊಡೀತಾರಾ?”

ಅವಳ ಮುಖದಲ್ಲಿ ತಮಾಷೆಯಿಲ್ಲ, ಮಂಕೂ ಇಲ್ಲ. ನಿಧಾನಿಯ ನಾಲಿಗೆಯ ಮೇಲೆ ಕಹಿ ಇನ್ನೂ ಕೂತಿತ್ತು. ಸಕ್ಕರೆ ತುಂಬಿದೆ ಎಂದಿದ್ದಳು. ತುಂಬಿದ್ದರೆ ಅಂಗಡಿಗೆ ಯಾಕೆ ಹೋಗಬೇಕು?

“ಸಕ್ಕರೆ ಡಬ್ಬಿ ಕೊಡು,” ಎಂದ.

ಅವಳು ವಿಚಿತ್ರವಾಗಿ ನೋಡಿ ಡಬ್ಬಿ ತಂದಳು. ನಿಧಾನಿ ಮುಚ್ಚಳ ತೆಗೆದು ಅಂಗೈ ಮೇಲೆ ಬೋರಲು ಹಾಕಿದ. ಒಂದು ಇರುವೆ ಬಿತ್ತು. ಅದೂ ನಿರಾಶೆಯಿಂದ ನಡೆದುಹೋಯಿತು.

“ಇದನ್ನ ನೀವು ತುಂಬಿದೆ ಅಂತೀರಾ?”

“ಮತ್ತಿನ್ನೇನಂತಾರೆ?” ಮುದುಕಿ ಗದರಿದಳು. “ಆ ಇನ್ನೊಂದು ಮಾತು ಈ ಮನೇಲಿ ಯಾರೂ ಅನ್ನಲ್ಲ. ಅನ್ನಬಾರದು. ಅಂದ್ರೆ ಹಾಗೇ ಆಗುತ್ತೆ. ಅಕ್ಕಿ ಆಗಲಿ, ಎಣ್ಣೆ ಆಗಲಿ, ಮುಗಿದ್ರೆ ತುಂಬಿದೆ ಅಂತಲೇ. ಸೊಸೆಗೆ ಬಂದ ದಿನವೇ ಕಲಿಸಿದೀನಿ. ನನ್ ಮಗ ಅಂತೂ ಎಳೇ ಮಗುವಿಂದ ಹಾಗೇ.”

ಮಗ ತಾಯಿಯ ಮಾತು ಮೀರಿರಲಿಲ್ಲ. ಸಾಯುವ ಮುಂಚೆಯೂ ಮೀರಿರಲಿಲ್ಲ. ಯಾರೋ ಖಾಲಿ ಎಂದಿದ್ದನ್ನು ಅವನು ಮನೆಯ ಬಾಯಲ್ಲಿ ತುಂಬಿದೆ ಎಂದು ಹೇಳಿದ್ದ.

ನಿಧಾನಿ ಲೋಟ ಕೆಳಗಿಟ್ಟ.

ಪೆನ್ನು ಸೊಸೆಯ ಕೈಯಲ್ಲೇ ಇತ್ತು. ಅವಳ ಪಾಲಿಗೆ ಆ ಬರಹ ಅಕ್ಷರಕ್ಕಕ್ಷರ ನಿಜ. ಮನಸ್ಸಾರೆ ಸಹಿ ಹಾಕುತ್ತಾಳೆ. ಇವನು ಸುಮ್ಮನೆ ಕಹಿ ಚಹಾ ಮುಗಿಸಿ ಎದ್ದರೆ ಸಾಕು, ಸಂಜೆಗೆ ಭಾವ ಮನೆಯಲ್ಲಿ, ತಂಗಿಯ ಸಂಸಾರ ನೆಟ್ಟಗೆ. ಬಾಯಿ ಬಿಟ್ಟರೆ? ಖಾಲಿ ಎಂದು ಸುಳ್ಳು ಹೇಳಿ ಗೆಳೆಯನನ್ನು ಇಳಿಸಿದವನು ಭಾವನೇ ಆಗುತ್ತಾನೆ. ನಾನೇ ಹೇಳಿದ್ದು ಎಂದು ಒಪ್ಪಿಕೊಂಡೂ ಆಗಿದೆ. ತಂಗಿ ಬಾಗಿಲಲ್ಲಿ ಕೇಳಿದ್ದಕ್ಕೆ ಅಣ್ಣ ಕೊಟ್ಟ ಉತ್ತರ ಇದಾಗುತ್ತದೆ.

“ಗೊತ್ತಿದ್ದೂ ಇಳಿದ್ನಾಪ್ಪ?” ಎಂದಳು ಮುದುಕಿ. ಬೆಳಗಿನಿಂದ ಕೇಳಿ ಕೇಳಿ ದನಿ ಸವೆದಿತ್ತು.

ನಿಧಾನಿ ಕೈಗವಸುಗಳನ್ನು ನೋಡಿದ. ಜೀವನದಲ್ಲಿ ಒಮ್ಮೆಯಾದರೂ ಹೊತ್ತಿಗೆ ಸರಿಯಾಗಿ ಬಾಯಿ ಬಿಡೋಣ ಎನ್ನಿಸಿತು.

“ಇಲ್ಲಮ್ಮ,” ಎಂದ. “ಗೊತ್ತಿರಲಿಲ್ಲ. ಏನೂ ಇಲ್ಲ ಅಂತ ಯಾರೋ ಅವನಿಗೆ ಹೇಳಿದ್ರು. ನಂಬಿ ಇಳಿದ.”

ಮುದುಕಿ ಉಸಿರು ಬಿಟ್ಟಳು. ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದ ಹಾಗೆ, ಉದ್ದದ ಉಸಿರು.

ಸೊಸೆ ಪೆನ್ನು ನೆಲಕ್ಕಿಟ್ಟಳು. “ಯಾರು ಹೇಳಿದ್ದು?”

“ನನ್ನ ಭಾವ.” ನಿಧಾನಿ ಕಾಗದವನ್ನು ಚಾಪೆಯ ಮೇಲಿಟ್ಟ. “ಅವನೇ ಒಪ್ಕೊಂಡಿದಾನಲ್ಲ. ನಾನು ಅವನನ್ನ ಬಿಡಿಸೋಕೆ ಅಂತ ಬಂದವನು ತಾಯಿ.”

ಅವಳು ಫೋನು ತೆಗೆದು ಇನ್ನೊಮ್ಮೆ ಒತ್ತಿದಳು. ಈ ಸಲ ಕಣ್ಣು ತೆರೆದೇ ಕೇಳಿದಳು. ತುಂಬಿದೆ ಅಂದ್ರು, ಎಂಬಲ್ಲಿ ನಿಲ್ಲಿಸಿದಳು.

“ನಿಮ್ಮ ಭಾವ ಅಲ್ಲಣ್ಣ.”

“ಹೇಗೆ ಹೇಳ್ತೀಯ?”

“ಅಂದ್ರು ಅಂತಿದಾರಲ್ಲ. ಇವರು ನಿಮ್ಮ ಭಾವನ ಬಗ್ಗೆ ಯಾವತ್ತು ಅಂದ್ರು ಅಂದಿದಾರೆ? ಆ ಕತ್ತೆ ಅಂದ, ಆ ಕೋತಿ ಬಂದ, ಹೀಗೇ. ಇಬ್ರೂ ಒಂದೇ ಬೀಡಿ ಹಂಚ್ಕೊಂಡು ಸೇದೋರು. ಯಾರ್ಡ್ ಓನರಿಗೇ ಹಿಂದೆ ತಿರುಗಿದ್ರೆ ಅವನು ಇವನು ಅನ್ನೋರು. ‘ರು’ ಹಚ್ಚೋದು ಅಂದ್ರೆ ಇವರ ನಾಲಿಗೆಗೆ ಅಲರ್ಜಿ.”

“ಯಾರಿಗೂ ಹಚ್ತಿರಲಿಲ್ವಾ?”

ಸೊಸೆ ಯೋಚಿಸಿದಳು. ಯೋಚಿಸುತ್ತಿದ್ದ ಹಾಗೇ ಅವಳ ಮುಖದ ಬಣ್ಣ ಇಳಿಯಿತು. ಬಾಯಿ ತೆರೆದವಳು ಮುಚ್ಚಿಕೊಂಡಳು.

ಮುದುಕಿಗೆ ಅದೆಲ್ಲ ಕಾಣಲಿಲ್ಲ. ಮಗನ ಮೇಲಿನ ಅಪವಾದ ಹೋದ ಸಮಾಧಾನದಲ್ಲಿ ಅವಳಿಗೆ ಮಾತು ಬಂದಿತ್ತು.

“ಒಬ್ಬಳಿಗೆ ಕೊಡ್ತಿದ್ದ ಮರ್ಯಾದೆ. ಗತಿಯಿಲ್ಲದೆ ತಿರುಗುವಾಗ ಕರೆದು ಅನ್ನ ಹಾಕಿ, ಯಾರ್ಡಲ್ಲಿ ಕೆಲಸಕ್ಕೆ ಹೇಳಿಸಿದೋಳು. ಅವಳ ಮಾತು ಅಂದ್ರೆ ಇವನಿಗೆ ಕಲ್ಲಲ್ಲಿ ಕೆತ್ತಿದ ಹಾಗೆ. ಅವಳೇಪ್ಪ, ಈಗ ಸಕ್ಕರೆ ತರೋಕೆ ಹೋದ್ಲಲ್ಲ.”

ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅದನ್ನೇ ನೋಡುತ್ತಾ ನಿಧಾನಿ ಕೂತ. ಮುಂದಿನ ಬಸ್ಸಿನಲ್ಲಿ ಬರಬೇಕಾದದ್ದೆಲ್ಲ ಒಟ್ಟಿಗೇ ಬಂದು ಇಳಿಯಿತು. ಗೇಟಿನ ಕೋಣೆ. ಕಾರು ಕಂಡು ಎಳೆದುಕೊಂಡ ಸೆರಗು. ಠಾಣೆಯಲ್ಲಿ ತಲೆ ತಗ್ಗಿಸಿ ಕೂತ ಭಾವ. ಅವನು ಕಾಪಾಡುತ್ತಿದ್ದದ್ದು ತನ್ನನ್ನಲ್ಲ, ಹೆಂಡತಿಯನ್ನು.

ಬಾಗಿಲಲ್ಲಿ ನೆರಳು ಬಿತ್ತು. ತಂಗಿ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಸಕ್ಕರೆಯ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದಳು.

ಯಾರೂ ಕೇಳಲಿಲ್ಲ. ಅವಳೇ ಹೇಳಿದಳು.

“ನಾನೇ ಹೇಳಿದ್ದು.”

ಗಂಡ ಹೆಂಡಿರ ಬಾಯಲ್ಲಿ ಒಂದೇ ಮಾತು. ಅವನದು ಸುಳ್ಳು, ಇವಳದು ನಿಜ. ಕೇಳುವುದಕ್ಕೆ ಎರಡೂ ಒಂದೇ ಥರ ಇದ್ದವು.

“ಅವನು ಯಾರ್ಡಿಂದ ಗೇಟಿಗೆ ಫೋನ್ಮಾಡಿದ್ದ,” ಎಂದಳು ಮುದುಕಿಯ ಕಡೆ ತಿರುಗಿ. “ಅಕ್ಕ, ಟ್ಯಾಂಕಿನ ಜೊತೆ ಕಾಗದ ಇಲ್ಲ, ಮೈಮೇಲೆ ಬೋರ್ಡೂ ಇಲ್ಲ, ಹೇಗೆ ಇಳೀಲಿ, ಅಂತ ಕೇಳ್ದ. ಕೇಳದೆ ಇಳಿದಿಲ್ಲಮ್ಮ ನಿಮ್ಮ ಮಗ. ಕೇಳಿಯೇ ಇಳಿದ. ಖಾಲಿ ಕಣೋ ತಮ್ಮ, ಏನೂ ಇಲ್ಲ, ಅಂತ ನಾನೇ ಅಂದೆ.”

ಆ ಮನೆಯಲ್ಲಿ ಯಾರೂ ಆಡದ ಮಾತು. ಮುದುಕಿ ಕಿವಿ ಮುಚ್ಚಿಕೊಳ್ಳಲಿಲ್ಲ. ಅವಳ ಕೈ ಮೇಲೆದ್ದು ಅರ್ಧದಲ್ಲೇ ನಿಂತಿತ್ತು.

“ಹೊರಗೆ ಹೋಗೋ ಟ್ಯಾಂಕಿನ ಕಾಗದ ನಿನ್ನ ಕೆಲಸ ಅಲ್ವಲ್ಲೇ,” ಎಂದ ನಿಧಾನಿ. ಅವನ ದನಿ ಪತ್ತೇದಾರನದಾಗಿರಲಿಲ್ಲ.

“ಅಲ್ಲ. ಬರೆಯೋರು ಬರೀಲಿಲ್ಲ. ಬರೆದ್ರೆ ಯಾರ್ಡಿನೋರು ರಾತ್ರಿಯೆಲ್ಲ ಗಾಳಿಗೆ ಬಿಡ್ತಾರೆ, ಟ್ಯಾಂಕು ಮತ್ತೆ ತುಂಬಿ ಬರೋಕೆ ತಡ ಆಗುತ್ತೆ, ಇಲ್ಲಿ ಬಣ್ಣದ ಕೆಲಸ ನಿಂತುಹೋಗಿದೆ ಅಂದ್ರು. ಇವನು ಫೋನ್ ಮಾಡಿದಾಗ ಪಕ್ಕದಲ್ಲೇ ನಿಂತಿದ್ರು. ಖಾಲಿ ಅಂತ ಹೇಳಿಬಿಡು, ನಿನ್ನ ಮಾತಾದ್ರೆ ಕೇಳ್ತಾನೆ, ಅಂದ್ರು. ತೊಳೆದೇ ಕಳಿಸಿದಾರೇನೋ ಅಂದ್ಕೊಂಡೆ ಅಣ್ಣ. ಒಂದು ಮಾತು, ತೊಳೆದಿದೀರಾ ಅಂತ ಅವರನ್ನ ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ.”

“ಯಾರು ಅಂದ್ರು?”

ಹೊರಗೆ ಕಾರಿನ ಹಾರನ್ನು ಮೆತ್ತಗೆ, ಮರ್ಯಾದೆಯಿಂದ ಕೂಗಿತು. ಸಹಿ ಆಯ್ತಾ ಎಂದು ಕೇಳುವ ಹಾಗೆ.

ತಂಗಿ ತಲೆ ಎತ್ತಿದಳು. ಕಿಟಕಿಯಾಚೆಯ ಕಾರಿನ ಕಡೆ ನೋಡಿದಳು. ಅಷ್ಟೇ ಸಾಕಾಯಿತು.

ಸತ್ತವನು ಅಂದ್ರು ಎಂದ, ಇವಳು ಅಂದ್ರು ಎನ್ನುತ್ತಾಳೆ. ಮಾತು ಕೈಯಿಂದ ಕೈಗೆ ದಾಟಿ, ಕೊನೆಗೆ ಮುಂದೆ ದಾಟಿಸಲು ಯಾರೂ ಇಲ್ಲದ ಅವನ ತಲೆಯ ಮೇಲೆ ಬಿದ್ದಿತ್ತು. ನಿಧಾನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು.

ತಂಗಿ ಬಗ್ಗಿ ಸಕ್ಕರೆಯ ಚೀಲವನ್ನು ಸೊಸೆಯ ಪಕ್ಕ ಇಟ್ಟಳು. ಸೊಸೆ ಅದನ್ನು ಮುಟ್ಟಲಿಲ್ಲ. ದೂರವೂ ತಳ್ಳಲಿಲ್ಲ. ಚಾಪೆಯ ಮೇಲೆ ಬಿದ್ದಿದ್ದ ಸಹಿಯಿಲ್ಲದ ಕಾಗದವನ್ನು ತಂಗಿ ಎತ್ತಿಕೊಂಡಳು.

“ಇದನ್ನ ಅವರ ಕೈಗೇ ಕೊಟ್ಟು ಬರ್ತೀನಿ. ನಾನು ಅಂದಿದ್ದನ್ನ ನಾನು ಅಂದೆ ಅಂತೀನಿ, ನೀವು ಅನ್ನಿಸಿದ್ದನ್ನ ನಾನೇ ಅನ್ನಿಸಿದೆ ಅಂತ ನೀವನ್ನಿ, ಅಂತೀನಿ. ಅಷ್ಟು ಮಾತು ಅವತ್ತೇ ಆಡಬೇಕಿತ್ತು.”

“ನಿಲ್ಲು, ನಾನೂ…” ಎಂದು ನಿಧಾನಿ ಏಳುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು, ಅವನ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರು.

“ಏನ್ರೀ, ಸಹಿ ಆಯ್ತಾ? ನಿಮ್ಮ ಭಾವನ್ನ ಬಿಡೋದಾ ಬೇಡ್ವಾ?”

“ತುಂಬಿದೆ ಅಂದ್ರೆ ಖಾಲಿ ಸಾರ್,” ಎಂದ ನಿಧಾನಿ.

“ಕುಡಿದಿದೀರಾ?”

“ಸಕ್ಕರೆ ಇಲ್ಲದ ಚಹಾ. ಕೇಳಿ ಸಾರ್. ಈ ಮನೇಲಿ ಮುಗಿದಿದ್ದನ್ನ ತುಂಬಿದೆ ಅಂತಾರೆ. ಅವನಿಗೆ ಗೊತ್ತಿರಲಿಲ್ಲ. ಖಾಲಿ ಅಂತ ಹೇಳಿ ಇಳಿಸಿದಾರೆ.”

ಆ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು. “ಅಂದ್ರೆ ನಿಮ್ಮ ಭಾವನೇ ಹೇಳಿದ್ದು. ನಿಮ್ಮ ಮನೆಯವನನ್ನ ನೀವೇ ಒಳಗೆ ಹಾಕಿಸ್ತಿದೀರಿ, ಗೊತ್ತಿದೆಯಾ?”

“ಅವನು ಹೇಳಿದ್ದಲ್ಲ.”

“ಮತ್ಯಾರು?”

ತಂಗಿ ಎಂಬ ಪದ ನಾಲಿಗೆಯ ಮೇಲೆ ಬಂದು ಹಿಂದೆ ಹೋಯಿತು, ಮತ್ತೆ ಬಂತು. ಹೊರಗೆ ಕಾರಿನ ಬಾಗಿಲು ದಪ್ಪೆಂದಿತು. ಅವಳು ಮಾತು ಮುಗಿಸಿ ತಿರುಗಿರಬೇಕು ಎಂದುಕೊಂಡ. ಬಾಗಿಲು ಇನ್ನೊಮ್ಮೆ ದಪ್ಪೆಂದಿತು. ಎಂಜಿನ್ನು ಹೊತ್ತಿಕೊಂಡಿತು.

“ಹಲೋ? ಯಾರ್ರೀ ಹೇಳಿದ್ದು?”

ಫೋನು ಕೈಯಲ್ಲೇ ಹಿಡಿದು ನಿಧಾನಿ ಓಡಿದ. ಅವನು ಓಡಿದ್ದನ್ನು ಕಂಡವರು ಜಗತ್ತಿನಲ್ಲಿ ಕಡಿಮೆ. ಹೊಸ್ತಿಲು ದಾಟುವಷ್ಟರಲ್ಲಿ ಆ ಸ್ವಚ್ಛ ಕಾರು ರಸ್ತೆಯ ತಿರುವಿನಲ್ಲಿತ್ತು. ಹಿಂದಿನ ಗಾಜಿನಲ್ಲಿ ಸೆರಗಿನ ಬಣ್ಣ ಒಮ್ಮೆ ಕಂಡು ಮರೆಯಾಯಿತು. ಅವನ ಕೈ ತಾನಾಗಿ ಮೇಲೆದ್ದಿತ್ತು, ಹೋದ ಬಸ್ಸಿಗೆ ತೋರಿಸುವ ಹಾಗೆ.

ತಾನೇ ಹತ್ತಿ ಹೋದಳೇ? ಏನನ್ನೋ ಒಪ್ಪಿಕೊಂಡು ಹೋದಳೇ?

ಕೈ ಇಳಿಸಿ ಕೆಳಗೆ ನೋಡಿದ. ಹೊಸ್ತಿಲ ಪಕ್ಕ, ಪಿನ್ನು ಚುಚ್ಚಿದ ಚಪ್ಪಲಿ ಜೋಡಿ ಇಟ್ಟ ಹಾಗೇ ಇತ್ತು. ರಸ್ತೆ ದಾಟಿ ಒಂದು ಮಾತು ಆಡಿ ವಾಪಸ್ ಬರುವವಳಷ್ಟೇ ಬರಿಗಾಲಲ್ಲಿ ಹೋಗುತ್ತಾಳೆ.